ಅವನೇನು ತಿಂದ?

ಜೂನ್ 4, ಮಂಗಳವಾರ

ಹೊಲಿಗೆಯ ಅಳತೆ ಬರೆದಿಡುತ್ತಿದ್ದ ಪುಸ್ತಕದ ಹಿಂದಿನ ಅರ್ಧ ಖಾಲಿ ಉಳಿದಿತ್ತು. ಮಷಿನ್ ಮಾರಿ ಎರಡು ವರ್ಷವಾಯಿತು, ಇನ್ನು ಯಾರ ಅಳತೆಯನ್ನೂ ಬರೆಯುವುದಿಲ್ಲ. ಅದಕ್ಕೇ ಇದರಲ್ಲಿ ಬರೆಯುತ್ತಿದ್ದೇನೆ. ಬರೆಯದಿದ್ದರೆ ಮರೆಯುತ್ತೇನೆ, ಮರೆತರೆ ಮಗಳು ಯೆನ್ ಸಿಡುಕುತ್ತಾಳೆ.

ಅವಳು ಆಸ್ಪತ್ರೆ ಸೇರಿ ಇವತ್ತಿಗೆ ಹದಿನಾರು ದಿನ. ರಕ್ತದ ಕ್ಯಾನ್ಸರ್. ಔಷಧಿಯ ಕಾವಿಗೆ ಬಾಯಿ, ಗಂಟಲೆಲ್ಲ ಹುಣ್ಣು. ಮೂಗಿನ ಕೊಳವೆಯಲ್ಲೇ ಆಹಾರ. ಹೊರಗಿನ ಊಟದ ಒಂದು ಚೂರೂ ಕೊಠಡಿಯೊಳಗೆ ಹೋಗುವಂತಿಲ್ಲ. ನಾನು ಮಾಡಿಕೊಂಡು ಹೋದ ಗಂಜಿಯನ್ನೂ ನರ್ಸ್ ಬಾಗಿಲಲ್ಲೇ ತಡೆದಳು.

ಇವತ್ತು ಯೆನ್ ಕೇಳಿದಳು: "ಅಮ್ಮಾ, ಒಂದು ಕೆಲಸ ಮಾಡ್ತೀಯಾ? ಸೇಂಟ್ ಆಲ್ಬನ್ಸ್ ಸ್ಟೇಷನ್ ಎದುರಿಗಿರೋ ಬೇಕರೀಲಿ ಒಂದು ಬಾನ್ ಮಿ ತಿಂದು ಬಾ. ಹೇಗಿತ್ತು ಅಂತ ಹೇಳು."

"ಮನೇಲಿ ಬ್ರೆಡ್ ಇಲ್ವಾ? ನಾನ್ಯಾಕೆ ಅಲ್ಲಿ ಹೋಗಿ ತಿನ್ಲಿ?"

"ನಂಗೆ ತಿನ್ನೋಕಾಗಲ್ಲ, ಅದಕ್ಕೆ. ಕೇಳೋಕಾದ್ರೂ ಆಗುತ್ತಲ್ಲ."

ಮೂವತ್ತಾರು ವರ್ಷದಿಂದ ಮೆಲ್ಬರ್ನ್‌ನಲ್ಲಿದ್ದೇನೆ. ಮದುವೆಯ ಊಟ, ತಿಥಿಯ ಊಟ ಬಿಟ್ಟರೆ ಹೊರಗೆ ಉಂಡದ್ದು ಹತ್ತು ಸಲವೂ ಇರಲಾರದು. ಹೊರಗೆ ಉಣ್ಣುವುದು ಕೈಯಲ್ಲಿ ಅಡುಗೆ ಇಲ್ಲದವರ ಕೆಲಸ. ಯೆನ್ ಮಾತ್ರ ಭಾನುವಾರ ಬಂತೆಂದರೆ ಊರಿನ ಈ ಮೂಲೆಯಿಂದ ಆ ಮೂಲೆಗೆ ಹೋಟೆಲು ಹುಡುಕಿಕೊಂಡು ಹೋಗುವವಳು. ಆ ಉತ್ತರದವನ ಜೊತೆ. ದೇಶ ಒಂದೇ, ಆದರೆ ನಾವು ದಕ್ಷಿಣದವರು.

ಅವನೂ ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತಿರುತ್ತಾನೆ. ನಾನು ಬಂದರೆ ಎದ್ದು ಹೊರಗೆ ಹೋಗುತ್ತಾನೆ. ಅಷ್ಟು ಮರ್ಯಾದೆ ಇದೆ.

ಜೂನ್ 6, ಗುರುವಾರ

ತಿಂದೆ. ಹೋಗಿ ಹೇಳಿದೆ: "ಚೆನ್ನಾಗಿತ್ತು."

ಯೆನ್ ಕಣ್ಣು ಮುಚ್ಚಿಕೊಂಡಳು. "ಚೆನ್ನಾಗಿತ್ತು ಅಂದ್ರೆ ನನ್ ಬಾಯಿಗೆ ಏನ್ ಬಂತು? ಕಚ್ಚಿದಾಗ ಸದ್ದು ಬಂತಾ? ಬ್ರೆಡ್ಡಿನ ಪುಡಿ ಮಡಿಲಿಗೆ ಉದುರ್ತಾ? ಒಳಗೆ ಹುಳಿ ಜಾಸ್ತಿನಾ, ಖಾರ ಜಾಸ್ತಿನಾ?"

"ಉದುರ್ತು. ಕೋಟೆಲ್ಲಾ ಗಲೀಜಾಯ್ತು."

"ಹಾಂ! ಅದು ಹೇಳು." ನಕ್ಕಳು. ನಕ್ಕದ್ದಕ್ಕೆ ತುಟಿ ಒಡೆಯಿತು, ನರ್ಸ್ ಬಂದು ನನ್ನ ಮುಖ ನೋಡಿದಳು.

ಬ್ರೆಡ್ಡಿನೊಳಗೆ ಮಾಂಸದ ಜೊತೆ ತುಂಬುವ ಮೂಲಂಗಿ, ಕ್ಯಾರೆಟ್ಟನ್ನು ಹುಳಿಗೆ ಹಾಕುವಾಗ ಸಕ್ಕರೆ ಜಾಸ್ತಿ ಮಾಡಿದ್ದಾರೆ. ನಾನಾಗಿದ್ದರೆ ಅರ್ಧ ಹಾಕುತ್ತಿದ್ದೆ. ಇದನ್ನು ನಾಳೆ ಹೇಳಬೇಕು.

ಜೂನ್ 11, ಮಂಗಳವಾರ

ಫುಟ್ಸ್‌ಕ್ರೇ. ಮಾರ್ಕೆಟ್ ಹಿಂದಿನ ಗಲ್ಲಿ, ಪ್ಲಾಸ್ಟಿಕ್ ಸ್ಟೂಲು, ಗೋಡೆಯ ಮೇಲೆ ದೋಣಿಯ ಕ್ಯಾಲೆಂಡರ್. ಬೀಫ್ ಶಾವಿಗೆ. ಸಾರಿನಲ್ಲಿ ಲೆಮನ್‌ಗ್ರಾಸ್ ಮುಂದೆ, ಖಾರ ಹಿಂದೆ. ಮೊದಲ ಗುಟುಕಿಗೆ ಏನೂ ಅನ್ನಿಸಲಿಲ್ಲ, ಮೂರನೆಯದಕ್ಕೆ ಕಿವಿ ಬಿಸಿಯಾಯಿತು. ಯೆನ್‌ಗೆ ಹಾಗೇ ಹೇಳಿದೆ. "ಅಮ್ಮಾ, ನೀನು ಕಲೀತಿದ್ದೀಯ" ಅಂದಳು. ನಲವತ್ತು ವರ್ಷ ಅಡುಗೆ ಮಾಡಿದವಳಿಗೆ!

ಆಮೇಲೆ ಅಂದಳು, "ಸ್ಪ್ರಿಂಗ್‌ವೇಲ್‌ಗೆ ಹೋಗು. ನುಚ್ಚಕ್ಕಿ ಅನ್ನದ ಅಂಗಡಿ. ತುಂಗ್ ಕಾರಲ್ಲಿ ಕರ್ಕೊಂಡು ಹೋಗ್ತಾನೆ."

"ರೈಲಿದೆ."

"ಎರಡು ರೈಲು ಬದಲಾಯಿಸ್ಬೇಕು, ಎರಡು ಗಂಟೆ."

"ಎರಡಲ್ಲದಿದ್ರೆ ನಾಲ್ಕು."

ಯುದ್ಧದಲ್ಲಿ ದಕ್ಷಿಣ ಸೋತ ಮೇಲೆ ಅವಳ ಅಪ್ಪ ಐದು ವರ್ಷ ಉತ್ತರದವರ ಸೆರೆ ಶಿಬಿರದಲ್ಲಿ ಕಲ್ಲು ಒಡೆದವರು. ಹೊರಬಂದಾಗ ಮೂವತ್ತಕ್ಕೇ ಹಲ್ಲು ಉದುರಿದ್ದವು. ಆ ಶಿಬಿರ ಕಟ್ಟಿದವರ ಉಚ್ಚಾರವೇ ಈ ಹುಡುಗ ತುಂಗ್‌ನದು. ಉತ್ತರದ ಹೈಫಾಂಗ್ ಊರಿನವನು. ಅವನು ಬಾಯಿ ತೆರೆದರೆ ಗೆದ್ದವರು ನಮ್ಮ ಓಣಿಯ ಕಂಬಕ್ಕೆ ಕಟ್ಟಿದ್ದ ಧ್ವನಿವರ್ಧಕ ನೆನಪಾಗುತ್ತದೆ. ಮೂರು ವರ್ಷದ ಹಿಂದೆ ಯೆನ್ ಅವನ ಜೊತೆ ಇರಲು ಹೊರಟಾಗ, ಅವನ ಜೊತೆ ಒಂದೇ ಮೇಜಿನಲ್ಲಿ ಅನ್ನ ಉಣ್ಣುವುದಿಲ್ಲ ಎಂದು ಅವಳ ಅಪ್ಪನ ಫೋಟೋದ ಮುಂದೆ ಹೇಳಿದ್ದೆ. ಅವರ ಮನೆಯ ಮೆಟ್ಟಿಲನ್ನು ನಾನು ಇನ್ನೂ ತುಳಿದಿಲ್ಲ.

ಜೂನ್ 14, ಶುಕ್ರವಾರ

ರೈಲಿನಲ್ಲಿ ಹೋದೆ. ತಪ್ಪು ರೈಲು. ಮಳೆ. ಅಂಗಡಿ ತಲುಪುವಷ್ಟರಲ್ಲಿ ಅನ್ನ ಮುಗಿದಿತ್ತು. ಯೆನ್‌ಗೆ ಹೇಳಲು ಏನೂ ಇರಲಿಲ್ಲ. ಅವಳು ಬೈಯಲಿಲ್ಲ, ಗೋಡೆಯ ಕಡೆ ತಿರುಗಿದಳು. ಬೈದಿದ್ದರೆ ವಾಸಿಯಿತ್ತು.

ಜೂನ್ 19, ಬುಧವಾರ

ಅವನ ಕಾರಿನಲ್ಲಿ ಹೋದೆ. ಹಿಂದಿನ ಸೀಟಿನಲ್ಲಿ ಕೂತೆ. ದಾರಿಯುದ್ದಕ್ಕೂ ಅವನಾಡಿದ್ದು ಒಂದೇ ಮಾತು: "ದೊಡ್ಡಮ್ಮ, ಹೀಟರ್ ಜಾಸ್ತಿ ಮಾಡ್ಲಾ?" ಬೇಡ ಅಂದೆ. ಮಾಡಿದ. ಚಳಿ ಇದ್ದದ್ದು ನಿಜ.

ಅಂಗಡಿಯಲ್ಲಿ ಬೇರೆ ಮೇಜಿನಲ್ಲಿ ಕೂತೆ. ಬಡಿಸುವ ಹೆಂಗಸು ಇಬ್ಬರನ್ನೂ ನೋಡಿ, "ಜಗಳನಾ?" ಅಂದಳು. ಸುಟ್ಟ ಹಂದಿಮಾಂಸದ ಅಂಚು ಕರಕಲಾಗಿತ್ತು, ಆ ಕರಕಲಲ್ಲೇ ಸಿಹಿ ಇತ್ತು. ನುಚ್ಚಿನ ಅನ್ನ ಉದುರುದುರು. ಮೇಲೆ ಸುರಿಯುವ ಮೀನಿನ ರಸ ತೆಳ್ಳಗೆ, ನಿಂಬೆ ಸರಿಯಾಗಿತ್ತು. ಎಲ್ಲ ನೆನಪಿಟ್ಟುಕೊಂಡು ಬಂದು ಹೇಳಿದೆ. ಯೆನ್ ಕೈಬೆರಳು ಆಡಿಸುತ್ತ ಕೇಳಿದಳು. ಕೊನೆಯಲ್ಲಿ:

"ಅವನೇನು ತಿಂದ?"

"ನಾನ್ ನೋಡ್ಲಿಲ್ಲ."

"ಮುಂದಿನ ಸಲ ನೋಡ್ಕೊಂಡು ಬಾ. ಇಬ್ರದ್ದೂ ಕೇಳಿದ್ರೆ ನಂಗೆ ಎರಡು ಊಟ ಆಗುತ್ತೆ."

ಜೂನ್ 28, ಶುಕ್ರವಾರ

ಸನ್‌ಶೈನ್, ಫೋ ಅಂಗಡಿ. ಮೇಜು ಒಂದೇ ಖಾಲಿ ಇತ್ತು. ಎದುರಿಗೇ ಕೂರಬೇಕಾಯಿತು. ಫೋ ಅನ್ನವಲ್ಲ, ಶಾವಿಗೆ. ಆದ್ದರಿಂದ ಮಾತು ತಪ್ಪಿದಂತಾಗಲಿಲ್ಲ.

ಅವನು ತಿಂದದ್ದು: ಬರೀ ಸಾರು, ಶಾವಿಗೆ, ಈರುಳ್ಳಿಸೊಪ್ಪು. ಕಾಮಕಸ್ತೂರಿ ಹಾಕಲಿಲ್ಲ, ಹೆಸರುಕಾಳಿನ ಮೊಳಕೆ ಮುಟ್ಟಲಿಲ್ಲ, ಸಿಹಿ ಸಾಸಿನ ಬಾಟಲಿಯನ್ನು ನನ್ನ ಕಡೆ ತಳ್ಳಿದ. ತಡೆಯಲಾಗಲಿಲ್ಲ, ಕೇಳಿಬಿಟ್ಟೆ.

"ಏನಯ್ಯಾ, ಹರಕೆ ಗಿರಕೆ ಹೊತ್ತಿದ್ದೀಯಾ? ಕಾಯಿಲೆಯವರ ಥರ ತಿಂತೀಯ."

"ನಮ್ ಕಡೆ ಹೀಗೇ ದೊಡ್ಡಮ್ಮ. ಸಾರು ಚೆನ್ನಾಗಿದ್ರೆ ತೋಟ ಎಲ್ಲಾ ತಂದು ಅದ್ರೊಳಗೆ ಮುಳುಗಿಸಲ್ಲ."

"ಓಹೋ! ನಮ್ ಸಾರು ಚೆನ್ನಾಗಿರಲ್ಲ ಅಂತೀಯಾ?"

"ನಾನ್ ಹಾಗಂದ್ನಾ? ನಿಮ್ ತೋಟ ಚೆನ್ನಾಗಿದೆ ಅಂದೆ."

ಕೊಬ್ಬಿದ್ದಾನೆ. ಯೆನ್‌ಗೆ ಪೂರ್ತಿ ಹೇಳಿದೆ, ಅವನ ಉಚ್ಚಾರದಲ್ಲೇ. ಅವಳು ನಕ್ಕ ನಗೆಗೆ ಮಾನಿಟರ್ ಕೂಗಿಕೊಂಡಿತು.

ಜುಲೈ 9, ಮಂಗಳವಾರ

ರಿಚ್‌ಮಂಡ್. ಬಾತುಕೋಳಿ ಗಂಜಿ, ಶುಂಠಿ ಹಾಕಿದ ಮೀನಿನ ರಸ. ತುಂಗ್ ಬಾತಿನ ಕಾಲನ್ನು ನನ್ನ ತಟ್ಟೆಗೆ ಹಾಕಿದ. ಮೂಳೆ ಚೀಪಲು ಅವನಿಗೆ ಬರುವುದಿಲ್ಲವಂತೆ. ಸುಳ್ಳು. ಹೈಫಾಂಗ್‌ನಲ್ಲಿ ಅವನ ತಾಯಿ ಫುಟ್‌ಪಾತಿನಲ್ಲಿ ಏಡಿ ಶಾವಿಗೆ ಮಾರುತ್ತಾಳೆ. ಏಡಿ ಬಿಡಿಸಿ ಬೆಳೆದವನಿಗೆ ಬಾತಿನ ಮೂಳೆ ಕಷ್ಟವೇ? ಅವನ ಅಪ್ಪ ಯುದ್ಧಕ್ಕೆ ಹೋಗಿದ್ದನಂತೆ, ಅಡುಗೆಯವನಾಗಿ. ಬಂದೂಕು ಹಿಡಿದಿದ್ದಕ್ಕಿಂತ ಸೌಟು ಹಿಡಿದದ್ದೇ ಹೆಚ್ಚಂತೆ. ನಾನು ಕೇಳಿರಲಿಲ್ಲ, ಅವನೇ ಹೇಳಿದ.

ಎರಡನೇ ಸುತ್ತಿನ ಔಷಧಿ ಶುರುವಾಗಿದೆ. ಯೆನ್‌ಗೆ ತುಂಬ ನಿದ್ದೆ. ನಿದ್ದೆ ಒಳ್ಳೆಯದು, ಮೈ ಕೂಡಿಕೊಳ್ಳುತ್ತದೆ.

ಜುಲೈ 17, ಬುಧವಾರ

ಸ್ಪ್ರಿಂಗ್‌ವೇಲ್ ಬೇಕರಿ. ಬಿಸಿ ಬ್ರೆಡ್ ಒಲೆಯಿಂದ ಬಂದಾಗ ಒಂದು ಸದ್ದು ಮಾಡುತ್ತದೆ, ಒಣಗಿದ ಎಲೆ ತುಳಿದ ಹಾಗೆ. ನಾನು ಇಷ್ಟು ವರ್ಷ ಕೇಳಿರಲೇ ಇಲ್ಲ. ತುಂಗ್ ಕಿವಿಯ ಹತ್ತಿರ ಹಿಡಿದು ತೋರಿಸಿದ. ಇಬ್ಬರೂ ಫುಟ್‌ಪಾತಿನ ಮೇಲೆ ನಿಂತು ಬ್ರೆಡ್ಡಿಗೆ ಕಿವಿ ಕೊಟ್ಟಿದ್ದೆವು. ಹುಚ್ಚರ ಹಾಗೆ.

ಹೇಳಲು ಓಡಿ ಹೋದೆ. ಅರ್ಧ ಹೇಳುವಷ್ಟರಲ್ಲಿ ಯೆನ್ ನಿದ್ದೆ ಹೋದಳು. ಉಳಿದದ್ದನ್ನು ನಾಳೆಗೆ ಇಟ್ಟಿದ್ದೇನೆ.

ಜುಲೈ 18, ಗುರುವಾರ

ಮಲಗಿದ್ದಳು.

ಜುಲೈ 24, ಬುಧವಾರ

ಇವತ್ತು ಅವಳು ಹೋಟೆಲಿನ ಹೆಸರು ಹೇಳಲಿಲ್ಲ. "ಎಲ್ಲಿಗಾದ್ರೂ ಹೋಗಿ" ಅಂದಳು. ಹೋದೆವು. ಬಂದು ಹೇಳಿದೆ. "ಅವನು ಹೊಟ್ಟೆ ತುಂಬ ತಿಂದ್ನಾ?" ಅಷ್ಟೇ ಕೇಳಿದಳು. ತಿಂದ ಅಂದೆ. ನಿಜಕ್ಕೂ ತಿನ್ನಲಿಲ್ಲ. ಅವನು ಈಗೀಗ ಬಟ್ಟಲು ಮುಂದಿಟ್ಟುಕೊಂಡು ಸುಮ್ಮನೆ ಕೂತಿರುತ್ತಾನೆ, ನಾನೇ ಚಾಪ್‌ಸ್ಟಿಕ್ ಕೈಗೆ ಕೊಡಬೇಕು. ಷರಟಿನ ಕಾಲರ್ ಸಡಿಲವಾಗಿದೆ. ಅಳತೆ ನನ್ನ ಕಣ್ಣಿಗೆ ಗೊತ್ತಾಗುತ್ತದೆ, ಎರಡು ಇಂಚು ಇಳಿದಿದ್ದಾನೆ.

ಆಗಸ್ಟ್ 2, ಶುಕ್ರವಾರ

ಒಳ್ಳೆ ಸುದ್ದಿ. ಅವಸರಕ್ಕೆ ಅಕ್ಷರ ಸೊಟ್ಟಗಾಗುತ್ತಿವೆ.

ದೊಡ್ಡ ಡಾಕ್ಟರು ನಮ್ಮಿಬ್ಬರನ್ನೂ ಸಣ್ಣ ಕೋಣೆಯಲ್ಲಿ ಕೂರಿಸಿ ಮಾತಾಡಿದರು. ದುಭಾಷಿ ಬೇಕೇ ಎಂದು ಮೊದಲೇ ಕೇಳಿದ್ದರು, ನಾನೇ ಬೇಡ ಅಂದಿದ್ದೆ. ಎಲ್ಲ ಅರ್ಥವಾಗಲಿಲ್ಲ, ಮುಖ್ಯವಾದದ್ದು ಆಯಿತು. ಆ ಕೆಟ್ಟ ಔಷಧಿ ನಿಲ್ಲಿಸುತ್ತಾರೆ. ಮೂಗಿನ ಕೊಳವೆ ತೆಗೆಯುತ್ತಾರೆ. ಇನ್ನು ಅವಳನ್ನು ಆರಾಮವಾಗಿ ಇಡುತ್ತಾರಂತೆ. ಮತ್ತೆ, ಇದನ್ನು ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ, ಹೊರಗಿನ ಊಟ ತರಬಹುದು! ಅವಳು ಏನು ಕೇಳಿದರೂ ತರಬಹುದು!

ನಾನು ಡಾಕ್ಟರ ಕೈ ಹಿಡಿದುಕೊಂಡು ಥ್ಯಾಂಕ್ಯೂ ಥ್ಯಾಂಕ್ಯೂ ಅಂದೆ. ಅವರು ನನ್ನ ಕೈಯನ್ನು ತುಂಬ ಹೊತ್ತು ಬಿಡಲಿಲ್ಲ. ಒಳ್ಳೆಯ ಮನುಷ್ಯ.

ಕಾರಿನ ಹತ್ತಿರ ಬಂದರೆ ತುಂಗ್ ಬಾನೆಟ್ ಮೇಲೆ ತಲೆ ಇಟ್ಟು ಬಿಕ್ಕುತ್ತಿದ್ದಾನೆ. ಬೆನ್ನಿಗೆ ಒಂದು ಗುದ್ದಿದೆ.

"ಒಳ್ಳೆ ಸುದ್ದಿಗೆ ಯಾರಾದ್ರೂ ಹೀಗ್ ಅಳ್ತಾರೇನೋ? ಅಪಶಕುನ!"

ಅವನು ಮುಖ ಒರೆಸಿಕೊಂಡ. ನನ್ನನ್ನು ನೋಡಿದ. "ಹೌದು ದೊಡ್ಡಮ್ಮ, ತಪ್ಪಾಯ್ತು. ಹೇಳಿ, ಅವಳಿಗೆ ಏನ್ ತರೋಣ?"

ಏನೇನು ತರುವುದೆಂದು ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಮುಂದಿನ ಸೀಟಿನಲ್ಲಿ ಕೂತಿದ್ದೆ.

ಆಗಸ್ಟ್ 4, ಭಾನುವಾರ

ಫುಟ್ಸ್‌ಕ್ರೇಯಿಂದ ಬೀಫ್ ಶಾವಿಗೆ, ಸೇಂಟ್ ಆಲ್ಬನ್ಸ್‌ನಿಂದ ಬಾನ್ ಮಿ, ಸ್ಪ್ರಿಂಗ್‌ವೇಲ್‌ನಿಂದ ನುಚ್ಚಕ್ಕಿ ಅನ್ನ. ಬೆಳಿಗ್ಗೆ ಏಳಕ್ಕೆ ಹೊರಟು ಹನ್ನೊಂದಕ್ಕೆ ಆಸ್ಪತ್ರೆಗೆ ತಂದೆವು. ಊರಿನ ಈ ತುದಿಯಿಂದ ಆ ತುದಿ ಸುತ್ತಿ ತುಂಗ್ ಕಾರು ಓಡಿಸಿದ ರೀತಿಗೆ ಪೊಲೀಸರು ಹಿಡಿಯದಿದ್ದದ್ದೇ ಹೆಚ್ಚು.

ಕೊಠಡಿಯೆಲ್ಲ ಘಮಘಮ. ನರ್ಸುಗಳು ಬಾಗಿಲಲ್ಲಿ ನಿಂತು ಮೂಗರಳಿಸಿದರು. ಯೆನ್‌ಗೆ ದಿಂಬು ಏರಿಸಿ ಕೂರಿಸಿದೆ. ಚಮಚದಲ್ಲಿ ಸಾರು ಊದಿ ಆರಿಸಿ ಬಾಯಿಗಿಟ್ಟೆ. ಎರಡು ಚಮಚ. ಮೂರನೆಯದು ಗದ್ದಕ್ಕೆ ಹರಿಯಿತು.

"ನಿನ್ ಸಾರಿಗಿಂತ ಒಂಚೂರು ಕಮ್ಮಿನೇ ಅಮ್ಮಾ" ಅಂದಳು.

"ಇನ್ನೊಂಚೂರು ಕುಡಿ ಕಣೇ."

"ಸಾಕು. ಈಗ ನೀವಿಬ್ರೂ ತಿನ್ನಿ. ಇಲ್ಲೇ, ನನ್ನೆದುರಿಗೆ. ನಾನು ನೋಡ್ತೀನಿ."

ಹಾಸಿಗೆಯ ಮೇಲಿನ ಆ ಚಿಕ್ಕ ಮೇಜಿನಲ್ಲಿ ತುಂಗ್ ಮತ್ತು ನಾನು ಒಂದೇ ಡಬ್ಬಿಯಿಂದ ನುಚ್ಚಕ್ಕಿ ಅನ್ನ ತಿಂದೆವು. ಯೆನ್ ನೋಡುತ್ತಿದ್ದಳು, ನಾವು ಚಿಕ್ಕ ಮಕ್ಕಳು, ಅವಳು ತಾಯಿ ಅನ್ನುವ ಹಾಗೆ. ಹೊದಿಕೆಯಿಂದ ಅವಳ ಕೈ ಹೊರಗೆ ಬಂದಿತ್ತು. ಅಳತೆ ತೆಗೆದು ತೆಗೆದು ಈ ಕಣ್ಣಿಗೆ ಅದೊಂದು ಶಾಪ. ಮಣಿಕಟ್ಟು ನೋಡಿದೆ, ಮೂಳೆಯ ಅಳತೆಯಷ್ಟೇ ಉಳಿದಿತ್ತು.

ಆಗ ಗೊತ್ತಾಯಿತು.

ತುಂಗ್ ಕಡೆ ತಿರುಗಿದೆ. ಅವನು ತಲೆ ತಗ್ಗಿಸಿ ಅನ್ನ ನುಂಗುತ್ತಿದ್ದ. ನಾನೂ ನುಂಗಿದೆ. ಡಬ್ಬಿ ಖಾಲಿಯಾಗುವವರೆಗೂ ಇಬ್ಬರೂ ತಿಂದೆವು.

ಆಗಸ್ಟ್ 9, ಶುಕ್ರವಾರ

ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಹೋದಳು.

ಆಗಸ್ಟ್ 14, ಬುಧವಾರ

ನಿನ್ನೆ ದೇವಾಲಯದಲ್ಲಿ ಎಲ್ಲ ಮುಗಿಯಿತು.

ಮನೆಯವರ ಹಣೆಗೆ ಸೂತಕದ ಬಿಳಿ ಪಟ್ಟಿ ಕಟ್ಟುವ ಹೊತ್ತಿಗೆ ತುಂಗ್ ಹಿಂದೆ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿದ್ದ. ಮದುವೆಯಾಗಿರಲಿಲ್ಲ, ಅವನಿಗೆ ಪಟ್ಟಿ ಇಲ್ಲ. ಪಟ್ಟಿ ಹಂಚುತ್ತಿದ್ದ ಹಿರಿಯ ಹೆಂಗಸು ನನ್ನ ಕಿವಿಯಲ್ಲಿ, "ಆ ಉತ್ತರದ ಹುಡುಗ ಯಾರು? ಗೆಳೆಯನಾ?" ಅಂದಳು.

"ಅಳಿಯ" ಅಂದೆ. "ಪಟ್ಟಿ ಕೊಡಿ."

ಅವನನ್ನು ಕರೆದು ನಾನೇ ಹಣೆಗೆ ಕಟ್ಟಿದೆ. ಎತ್ತರ ಇದ್ದಾನೆ, ಅವನು ಮಂಡಿಯೂರಬೇಕಾಯಿತು. ಗಂಟು ಹಾಕುವಾಗ ಕೇಳಿದೆ, "ಆವತ್ತು ಡಾಕ್ಟರು ಹೇಳಿದ್ದು ನಿಂಗೆ ಪೂರ್ತಿ ಅರ್ಥ ಆಗಿತ್ತಲ್ವಾ?"

"ಹೂಂ."

"ಯಾಕೋ ಹೇಳ್ಲಿಲ್ಲ?"

"ನೀವು ಅಷ್ಟು ಖುಷಿಯಾಗಿದ್ರಿ ದೊಡ್ಡಮ್ಮ. ಎರಡು ದಿನ ಇರ್ಲಿ ಅಂತ."

ಎರಡು ದಿನ ಒಬ್ಬನೇ ಹೊತ್ತುಕೊಂಡು, ನನ್ನ ಗುದ್ದು ತಿಂದು, ಅಂಗಡಿ ಅಂಗಡಿ ಸುತ್ತಿದ.

ಅವಳಪ್ಪನ ಫೋಟೋದ ಪಕ್ಕ ಅವಳ ಫೋಟೋ ಇಟ್ಟೆ. ಅವರಿಗೆ ಏನೂ ಹೇಳಲಿಲ್ಲ. ಅವರೂ ಏನೂ ಕೇಳಲಿಲ್ಲ.

ಸೆಪ್ಟೆಂಬರ್ 1, ಭಾನುವಾರ

ಯೆನ್ ಬಟ್ಟೆ ತರಲು ಸ್ಪ್ರಿಂಗ್‌ವೇಲ್‌ನಲ್ಲಿರುವ ಅವರಿಬ್ಬರ ಮನೆಗೆ ಹೋದೆ. ಮೆಟ್ಟಿಲು ಮೂರೇ ಇವೆ. ಮೂರು ವರ್ಷ ಬೇಕಾಯಿತು.

ಬಟ್ಟೆ ತರಲಿಲ್ಲ. ಅಲ್ಲೇ ಇರಲಿ. ತುಂಗ್‌ನ ನಾಲ್ಕು ಷರಟು ಚಿಕ್ಕದು ಮಾಡಿಕೊಡಲು ತಂದೆ. ಕೈಯಲ್ಲೇ ಹೊಲಿಯುತ್ತೇನೆ.

ಸೆಪ್ಟೆಂಬರ್ 26, ಗುರುವಾರ

ಅವಳು ಹೋಗಿ ನಲವತ್ತೊಂಬತ್ತನೇ ದಿನ, ನಮ್ಮಲ್ಲಿ ಆತ್ಮವನ್ನು ಬೀಳ್ಕೊಡುವ ದಿನ. ಪೂಜೆ ಮುಗಿಸಿ ಸನ್‌ಶೈನಿನಲ್ಲಿ ಸಸ್ಯಾಹಾರದ ಊಟ ಮಾಡಿದೆವು. ಅಣಬೆ, ತೋಫು. ಅವನು ಬಟ್ಟಲಲ್ಲಿ ಚಾಪ್‌ಸ್ಟಿಕ್ ಆಡಿಸುತ್ತಿದ್ದ. ಏನೋ ಇದೆ ಎಂದು ಗೊತ್ತಾಯಿತು.

"ಹೇಳು."

ಅವನ ತಾಯಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಾಳಂತೆ. ಅಪ್ಪ ಹೋಗಿ ಎಷ್ಟೋ ವರ್ಷ, ಬೇರೆ ಮಕ್ಕಳಿಲ್ಲ. ಪಕ್ಕದ ಮನೆಯವಳು ಅನ್ನ ತಂದುಕೊಡುತ್ತಿದ್ದಾಳೆ.

"ಅಲ್ಲಿಗೆ ಹೋದ್ರೆ ಇಲ್ಲಿ ನೀವು..." ಅಂದ.

"ನಂಗೇನಾಗಿದೆ? ಕೈಕಾಲು ಗಟ್ಟಿ ಇದೆ."

"ಅಮ್ಮನಿಗೆ ಯಾರಾದ್ರೂ ಕೆಲಸದವರನ್ನ ಇಡಬಹುದು. ನಾನು ಇಲ್ಲೇ ಇದ್ರೆ..."

"ಆ ಹೆಂಗಸಿಗೆ ಮಗ ಇದ್ದಾನೆ" ಅಂದೆ. ಧ್ವನಿ ಜೋರಾಯಿತು, ಪಕ್ಕದ ಮೇಜಿನವರು ತಿರುಗಿದರು. "ಇದ್ದಾನಲ್ಲ? ಇದ್ದವನು ಹೋಗಬೇಕು. ನಾಳೆನೇ ಟಿಕೆಟ್ ನೋಡು."

ಅವನು ಮೇಜಿನ ಮೇಲೆ ಕೈ ಚಾಚಿದ, ನನ್ನ ಕೈವರೆಗೂ ಬರಲಿಲ್ಲ. ನಾನು ತೋಫು ಎತ್ತಿ ಅವನ ಬಟ್ಟಲಿಗೆ ಹಾಕಿದೆ.

ಅವನು ಹೋಗುವುದರಿಂದ ನನಗೇನೂ ಇಲ್ಲ. ಮೂರು ತಿಂಗಳ ಹಿಂದೆ ಅವನು ಯಾರೋ, ನಾನು ಯಾರೋ. ಊಟಕ್ಕೆ ಉಪ್ಪು ಕಡಿಮೆಯಿತ್ತು.

ಅಕ್ಟೋಬರ್ 5, ಶನಿವಾರ

ವಿಮಾನ ಮಧ್ಯಾಹ್ನ ಹನ್ನೆರಡಕ್ಕೆ. ಬೆಳಿಗ್ಗೆ ಆರಕ್ಕೇ ಬೇಕರಿಗೆ ಹೋಗಿ ನಾಲ್ಕು ಬಾನ್ ಮಿ ಕಟ್ಟಿಸಿದೆ. ಕೌಂಟರಿನ ಹೆಂಗಸು, "ಯಾರಿಗಕ್ಕಾ ಇಷ್ಟೊಂದು?" ಅಂದಳು. "ನಮ್ ಹುಡುಗ ಊರಿಗೆ ಹೊರಟಿದ್ದಾನೆ" ಅಂದೆ. ಅವಳು ಇನ್ನೊಂದು ಸೇರಿಸಿದಳು. ಅವನ ತಾಯಿಗೆಂದು ಉಣ್ಣೆಯ ಶಾಲು, ಸೊಂಟನೋವಿನ ಎಣ್ಣೆ, ಚಿಕ್ಕದು ಮಾಡಿದ ಷರಟುಗಳ ಜೊತೆ ಇಟ್ಟೆ. ಮುದುಕಿಗೆ ಇದು ಯಾರು ಕೊಟ್ಟದ್ದು ಎಂದು ಹೇಳುವುದು ಬೇಡ ಅಂದೆ. "ಹೇಳ್ತೀನಿ" ಅಂದ. ಹಟಮಾರಿ.

ವಿಮಾನ ನಿಲ್ದಾಣದವರೆಗೂ ಜೊತೆಗೆ ಹೋದೆ. ಒಳಗೆ ಹೋಗುವ ಗೇಟಿನ ಹತ್ತಿರ ಅವನು ಎರಡೂ ಕೈ ಕಟ್ಟಿ, ಹಳೆಯ ಕಾಲದವರ ಹಾಗೆ ತಲೆ ಬಾಗಿಸಿದ.

"ಅಮ್ಮಾ, ಬರ್ತೀನಿ."

ದೊಡ್ಡಮ್ಮ ಅನ್ನಲಿಲ್ಲ. ಅಮ್ಮ ಎಂಬುದಕ್ಕೆ ನಮ್ಮ ದಕ್ಷಿಣದ ಪದ ಬೇರೆ, ಅವರದು ಬೇರೆ. ಅವನು ಅಂದದ್ದು ಅವರದನ್ನು.

"ಹೂಂ. ಹೊಟ್ಟೆ ಕಾಯಿಸ್ಬೇಡ" ಅಂದೆ. ಅವನ ಷರಟಿನ ಕಾಲರ್ ಸರಿ ಮಾಡಿದೆ. ಸರಿಯಾಗಿಯೇ ಇತ್ತು.

ಬಸ್ಸಿನಲ್ಲಿ ಊರೊಳಗೆ ಬಂದು ರೈಲು ಹತ್ತಿದೆ. ಮನೆಗೆ ಹೋಗಬೇಕೆಂದೇ ಹೊರಟದ್ದು. ಫುಟ್ಸ್‌ಕ್ರೇ ಬಂದಾಗ ಯಾಕೋ ಇಳಿದುಬಿಟ್ಟೆ. ಯಾವತ್ತೂ ಹೋಗದ ಒಂದು ಅಂಗಡಿ, ಹೊಸದು, ಬಾಗಿಲಲ್ಲಿ ಇನ್ನೂ ಹೂವಿನ ಬುಟ್ಟಿಗಳು.

"ಎಷ್ಟು ಜನ ಅಕ್ಕಾ?"

"ಒಬ್ಬಳೇ."

ಏಡಿ ಶಾವಿಗೆ ಇತ್ತು, ಅದನ್ನೇ ಹೇಳಿದೆ. ಸಾರು ಕೆಂಪಗೆ, ಮೇಲೆ ಏಡಿಯ ತಿರುಳು ಮೋಡದ ಹಾಗೆ ತೇಲುತ್ತಿತ್ತು. ಮೊದಲ ಗುಟುಕಿಗೆ ಟೊಮೆಟೊ ಹುಳಿ, ಅದು ಹೋದ ಮೇಲೆ ಏಡಿಯ ಸಿಹಿ, ಕೊನೆಯಲ್ಲಿ ಗಂಟಲಲ್ಲಿ ಸ್ವಲ್ಪ ಒಗರು, ಯಾವ ಸೊಪ್ಪಿನದೋ ಗೊತ್ತಾಗಲಿಲ್ಲ. ಶಾವಿಗೆ ಅಗಲ, ಕಂದು ಬಣ್ಣ, ಕಚ್ಚಿದರೆ ತಿರುಗಿ ಎಳೆಯುತ್ತದೆ. ಪಕ್ಕದ ಮೇಜಿನಲ್ಲಿ ಒಬ್ಬ ಮುದುಕ ಕರಿದ ಬ್ರೆಡ್ಡನ್ನು ಸಾರಿಗೆ ಅದ್ದಿ ತಿನ್ನುತ್ತಿದ್ದ, ಅದನ್ನೂ ನೋಡಿಕೊಂಡೆ. ಆ ಒಗರು ಏನಿರಬಹುದೆಂದು ಇನ್ನೊಂದು ಗುಟುಕು ಕುಡಿದೆ, ಮತ್ತೊಂದು ಕುಡಿದೆ, ಎಲ್ಲವನ್ನೂ ಸರಿಯಾಗಿ ನೆನಪಿಟ್ಟುಕೊಂಡೆ.

ಬಟ್ಟಲು ಖಾಲಿಯಾದ ಮೇಲೆ, ಹೋಗಿ ಹೇಳಲು ಯಾರೂ ಇಲ್ಲ ಎಂಬುದು ನೆನಪಾಯಿತು.